ಹಳೇ ಗಾಡಿ ಎಳೀತಿಲ್ವಾ? ಟೈರ್, ಕ್ರೌನ್ ಪಿನಿಯನ್, ಟ್ಯೂನಿಂಗ್, ಇಂಜಿನ್: ದುಡ್ಡು ಯಾವುದಕ್ಕೆ ಹಾಕೋದು?

ಕಾಫಿ ಹಣ್ಣಿನ ಕೊಯ್ಲು ಶುರುವಾಗುವ ಹೊತ್ತಿಗೆ ಈ ಪ್ರಶ್ನೆಗಳೂ ಶುರುವಾಗುತ್ತವೆ. ಮೂಡಿಗೆರೆ ಕಡೆಯ ಒಬ್ಬರು ಹಳೇ ಬೊಲೆರೊಗೆ 31 ಇಂಚಿನ ಟೈರ್ ಹಾಕಿಸಿದ್ದಾರೆ. ನೋಡೋಕೆ ಭರ್ಜರಿ. ಆದರೆ ಟ್ರೇಲರ್ ಕಟ್ಟಿದರೆ ಕಣದ ಏರು ಹತ್ತುತ್ತಿಲ್ಲ. ಸಕಲೇಶಪುರದವರ ಸ್ಕಾರ್ಪಿಯೊ ಶಿರಾಡಿಯಲ್ಲಿ ಮೂರನೇ ಗೇರಿಗೇ ಏದುಸಿರು ಬಿಡುತ್ತದೆ. ಆಲ್ದೂರಿನವರ ಕ್ವಾಲಿಸ್ ಬರೀ ಹೊಗೆ. ಎಲ್ಲರೂ ಕೇಳುವುದು ಒಂದೇ: ರೀಮ್ಯಾಪ್ (ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವುದು) ಮಾಡಿಸಲಾ, ಕ್ರೌನ್ ಪಿನಿಯನ್ (ಆಕ್ಸಲ್ ಒಳಗಿನ ಗೇರ್ ಜೋಡಿ) ಬದಲಿಸಲಾ, ಇಲ್ಲಾ ಇಂಜಿನ್ನೇ ಬೇರೆ ಕೂರಿಸಲಾ?

ಗ್ಯಾರೇಜಿಗೆ ಹೋದರೆ ಅಲ್ಲಿರುವವರು ತಮಗೆ ಬರುವ ಕೆಲಸವನ್ನೇ ಹೇಳುತ್ತಾರೆ. ಪಂಪ್‌ನವರು ಪಂಪ್ ಅಂತಾರೆ, ಟ್ಯೂನಿಂಗ್‌ನವರು ಟ್ಯೂನಿಂಗ್ ಅಂತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ನಿಮ್ಮ ಗಾಡಿಗೆ ಕಮ್ಮಿ ಬಿದ್ದಿರುವುದು ಪವರ್ರೋ ಗೇರೋ ಅಂತ ಗೊತ್ತಾಗದೆ ಪರ್ಸ್ ತೆಗೆಯಬೇಡಿ. ಎರಡೂ ಬೇರೆ ಬೇರೆ ಕಾಯಿಲೆ, ಬೇರೆ ಬೇರೆ ಮದ್ದು.

ಮೊದಲು ಲೆಕ್ಕ

ಏನನ್ನು ನೋಡಿ ಆರಿಸಬೇಕು? ನನ್ನ ಪ್ರಕಾರ ಮೊದಲು ಕೇಳಬೇಕಾದದ್ದು ಎಷ್ಟು ತೂಕ, ಎಂಥ ಏರು, ಯಾವ ವೇಗ. ಆಮೇಲೆ ಇಂಜಿನ್ ಬಿಸಿ ಮತ್ತು ಬ್ರೇಕ್ ಆ ಕೆಲಸ ತಡೆಯುತ್ತವಾ ಅನ್ನುವುದು. ಆಮೇಲೆ ಜುಲೈ ಮಳೆಯಲ್ಲಿ ಕೆಟ್ಟು ನಿಂತರೆ ಹತ್ತಿರದಲ್ಲಿ ರಿಪೇರಿ ಆಗುತ್ತಾ. ಆರ್‌ಸಿ, ಇನ್ಶೂರೆನ್ಸ್ ಕಾಗದ ಸರಿ ಇರುತ್ತಾ. ದುಡ್ಡಿನ ಮಾತು ಇವೆಲ್ಲ ಆದ ಮೇಲೆ.

ತೂಕ, ಏರು, ವೇಗದ ಲೆಕ್ಕ ಒಂದ್ಸಲ ಮಾಡಿಬಿಡೋಣ. ಗಾಡಿ 1,800 ಕಿಲೊ, ಜನ ಸಾಮಾನು 200, ಮೂಟೆ ತುಂಬಿದ ಟ್ರೇಲರ್ 1,000. ಒಟ್ಟು 3,000 ಕಿಲೊ. ದಾರಿ ಹತ್ತು ಅಡಿಗೆ ಒಂದು ಅಡಿ ಏರುತ್ತದೆ ಅಂದುಕೊಳ್ಳಿ. ಏರಿಗೇ 300 ಕಿಲೊ ಎಳೆತ ಬೇಕು. ತೋಟದ ಮಣ್ಣು ರಸ್ತೆ ಇನ್ನೊಂದು 150 ಕಿಲೊ ತಿನ್ನುತ್ತದೆ ಅಂತ ಇಟ್ಟುಕೊಳ್ಳಿ. ಇಷ್ಟನ್ನು ಗಂಟೆಗೆ 15 ಕಿ.ಮೀ. ವೇಗದಲ್ಲಿ ಎಳೆಯಲು ಚಕ್ರಕ್ಕೆ ಬೇಕಾಗುವುದು ಸುಮಾರು 25 ಎಚ್‌ಪಿ. ಅಷ್ಟೇ.

ಅದೇ ತೂಕ, ಅದೇ ಏರು, ಆದರೆ ಟಾರು ರಸ್ತೆಯಲ್ಲಿ 50 ಕಿ.ಮೀ. ವೇಗ ಬೇಕು ಅಂದರೆ ಲೆಕ್ಕ 60 ಎಚ್‌ಪಿ ದಾಟುತ್ತದೆ. ಹಳೇ ಬೊಲೆರೊ ಡಿಐ ಇಂಜಿನ್ನಿನ ಒಟ್ಟು ತಾಕತ್ತೇ 63 ಎಚ್‌ಪಿ. ಗೇರ್‌ಬಾಕ್ಸ್, ಹೌಸಿಂಗ್ (ಆಕ್ಸಲ್‌ನಲ್ಲಿ ಕ್ರೌನ್ ಪಿನಿಯನ್ ಕೂತಿರುವ ಡಬ್ಬಿ) ದಾಟಿ ಚಕ್ರಕ್ಕೆ ಬರುವಷ್ಟರಲ್ಲಿ ಅದರಲ್ಲೂ ಒಂದಷ್ಟು ಸೋರಿಹೋಗುತ್ತದೆ.

ಇದರಿಂದ ಒಂದು ವಿಷಯ ಸ್ಪಷ್ಟ. ತೋಟದೊಳಗೆ ಏರು ಹತ್ತಲು ಪವರ್ ಬೇಕಾದಷ್ಟಿದೆ. 25 ಎಚ್‌ಪಿ ಇಲ್ಲದ ಇಂಜಿನ್ ಯಾರ ಮನೆಯಲ್ಲೂ ಇಲ್ಲ. ಅಲ್ಲಿ ಗಾಡಿ ಹತ್ತದಿದ್ದರೆ ಕೊರತೆ ಇರುವುದು ಗೇರಿನದು. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಲೋಡ್ ಇಟ್ಟುಕೊಂಡು ಬಸ್ಸಿನ ಹಿಂದೆ ಬಸ್ಸಿನಷ್ಟೇ ವೇಗದಲ್ಲಿ ಹೋಗಬೇಕು ಅಂದರೆ ಮಾತ್ರ ಪವರ್ ಬೇಕು. ಅದಕ್ಕೆ ಎಷ್ಟು ಗೇರ್ ಬದಲಿಸಿದರೂ ಪ್ರಯೋಜನ ಇಲ್ಲ.

ಎತ್ತರದ ವಿಷಯ ಮರೆಯಬೇಡಿ. ಚಿಕ್ಕಮಗಳೂರು ಪೇಟೆ ಇರುವುದು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಮೇಲೆ. ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಇಂಜಿನ್ ಇಲ್ಲಿ ಹತ್ತರಲ್ಲಿ ಒಂದು ಪಾಲು ಪವರ್ ಕಳೆದುಕೊಂಡೇ ಓಡುತ್ತಿರುತ್ತದೆ. 1,930 ಮೀಟರಿನ ಮುಳ್ಳಯ್ಯನಗಿರಿ ಹತ್ತಿದರೆ ಐದರಲ್ಲಿ ಒಂದು ಪಾಲಿನ ಹತ್ತಿರ. ಗಾಳಿ ತೆಳು, ಅದಕ್ಕೆ. ಕ್ವಾಲಿಸ್‌ನಂಥ ಟರ್ಬೊ ಇಲ್ಲದ ಡೀಸೆಲ್ ಗಾಡಿ ಇದ್ದವರು 'ಮಂಗಳೂರಲ್ಲಿ ಚೆನ್ನಾಗಿ ಓಡ್ತಿತ್ತು, ಇಲ್ಲಿ ಬಂದ್ರೆ ಸುಸ್ತು' ಅಂದರೆ ಅದು ಬರೀ ಅನುಮಾನ ಅಲ್ಲ. ಟರ್ಬೊ ಇರುವ ಇಂಜಿನ್ ಈ ನಷ್ಟವನ್ನು ಬಹುಪಾಲು ತುಂಬಿಕೊಳ್ಳುತ್ತದೆ.

ದೊಡ್ಡ ಟೈರ್ ತಿಂದಿದ್ದು ಎಷ್ಟು

ಟೈರ್ ದೊಡ್ಡದಾದಷ್ಟೂ ನೆಲದ ಮೇಲಿನ ಎಳೆತ ಕಮ್ಮಿ. ಎಷ್ಟು ಕಮ್ಮಿ ಅಂತ ಮನೆಯಲ್ಲೇ ಲೆಕ್ಕ ಹಾಕಬಹುದು. ಬೊಲೆರೊಗೆ ಬರುವ 215/75 ಆರ್ 15 ಟೈರಿನ ಎತ್ತರ 703 ಮಿ.ಮೀ. ಇದರ ಜಾಗಕ್ಕೆ 235/75 ಆರ್ 15 ಹಾಕಿದರೆ 733 ಮಿ.ಮೀ. ನಷ್ಟ ನೂರಕ್ಕೆ 4. ಗೊತ್ತೇ ಆಗುವುದಿಲ್ಲ. 31 ಇಂಚು ಹಾಕಿದರೆ 787 ಮಿ.ಮೀ., ನಷ್ಟ ನೂರಕ್ಕೆ 11ರ ಹತ್ತಿರ. ಇದು ಚೆನ್ನಾಗಿಯೇ ಗೊತ್ತಾಗುತ್ತದೆ. ಟ್ರೇಲರ್ ಕಟ್ಟಿ ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಈಗ ಒಂದನೇ ಗೇರ್ ಬೇಕು. ಒಂದನೇ ಗೇರಿನಲ್ಲಿ ಹತ್ತುತ್ತಿದ್ದ ಕಡೆ ಕ್ಲಚ್ ಸುಟ್ಟ ವಾಸನೆ ಬರುತ್ತದೆ.

ಹಳೇ ಸ್ಕಾರ್ಪಿಯೊದ 235/70 ಆರ್ 16 ಟೈರ್ 735 ಮಿ.ಮೀ. ಅದರಿಂದ 245/75 ಆರ್ 16ಕ್ಕೆ ಹೋದರೆ 774. ನಷ್ಟ 5. 120 ಎಚ್‌ಪಿಯ ಎಂಹಾಕ್ ಇಂಜಿನ್ ಇದನ್ನು ಹೊತ್ತುಕೊಳ್ಳುತ್ತದೆ. ಹಾಗಾಗಿ ಸ್ಕಾರ್ಪಿಯೊದವರು ಟೈರ್ ಬದಲಿಸಿದ ಮೇಲೆ ಗಾಡಿ ಸತ್ತೇ ಹೋಯಿತು ಅಂದರೆ, ಟೈರಿನ ಜೊತೆ ಇನ್ನೇನೋ ಕೆಟ್ಟಿದೆ ಅಂತ ಹುಡುಕಬೇಕು.

ಟೈರಿನ ತೂಕವೂ ಲೆಕ್ಕಕ್ಕೆ ಬರುತ್ತದೆ. ಭಾರದ ಚಕ್ರವನ್ನು ತಿರುಗಿಸೋಕೂ ಕಷ್ಟ, ನಿಲ್ಲಿಸೋಕೂ ಕಷ್ಟ. ವ್ಹೀಲ್ ಬೇರಿಂಗ್, ಸ್ಟೀರಿಂಗ್ ಬಾಕ್ಸ್ ಬೇಗ ಸವೆಯುತ್ತವೆ. ಇನ್ನೊಂದು ತಮಾಷೆ ಇದೆ. ಟೈರ್ ದೊಡ್ಡದಾದ ಮೇಲೆ ಮೀಟರ್ ಕಮ್ಮಿ ತೋರಿಸುತ್ತದೆ. 31 ಇಂಚಿನ ಬೊಲೆರೊದಲ್ಲಿ ಮೀಟರ್ 60 ಅಂದರೆ ನಿಜವಾಗಿ 67. ಓಡಿದ ಕಿಲೋಮೀಟರನ್ನೂ ಕಮ್ಮಿ ತೋರಿಸುತ್ತದೆ. 'ಮೈಲೇಜ್ ಬಿದ್ದೋಯ್ತು' ಅಂತ ಗೋಳಾಡುವವರು ಮೊದಲು ಇದನ್ನು ಸೇರಿಸಿ ಲೆಕ್ಕ ಹಾಕಲಿ. ಅರ್ಧ ಗೋಳು ಅಲ್ಲೇ ಕಮ್ಮಿಯಾಗುತ್ತದೆ.

ಒಂದನೇ ದಾರಿ: ಕಳೆದುಹೋದ ಪವರ್ ವಾಪಸ್ ತರುವುದು

ಹತ್ತು ಹದಿನೈದು ವರ್ಷ ತೋಟದಲ್ಲಿ ದುಡಿದ ಗಾಡಿ ಕಂಪನಿ ಕೊಟ್ಟಷ್ಟು ಪವರ್ ಈಗಲೂ ಕೊಡುತ್ತಿದೆ ಅಂತ ನಂಬಬೇಡಿ. ಇಂಥ ಗಾಡಿಗೆ ನೇರ ರೀಮ್ಯಾಪ್ ಮಾಡಿಸುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗೆ.

ಶುರು ಮಾಡಬೇಕಾದದ್ದು ಪುಕ್ಕಟೆ ಪರೀಕ್ಷೆಗಳಿಂದ. ಬ್ರೇಕ್ ಜಾಸ್ತಿ ಒತ್ತದೆ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಒಯ್ದು ನೋಡಿ. ಒಂದು ಚಕ್ರ ಮಾತ್ರ ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಮಳೆಗಾಲದ ಕೆಸರು ಕುಡಿದ ಗಾಡಿಗಳಲ್ಲಿ ಇದು ಮಾಮೂಲಿ. ಏರ್ ಫಿಲ್ಟರ್ ಬಿಚ್ಚಿ ನೋಡಿ. ಬೇಸಿಗೆಯ ತೋಟದ ಧೂಳು ಅದನ್ನು ಇಟ್ಟಿಗೆ ಮಾಡಿಟ್ಟಿರುತ್ತದೆ. ಡೀಸೆಲ್ ಫಿಲ್ಟರಿನ ನೀರು ಬಿಡಿ.

ಟರ್ಬೊ ಗಾಡಿಯಾದರೆ ಟರ್ಬೊದಿಂದ ಇಂಟರ್‌ಕೂಲರ್‌ಗೆ (ಒತ್ತಿದ ಗಾಳಿಯನ್ನು ತಣಿಸುವ ಭಾಗ), ಅಲ್ಲಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಹೋಸ್‌ಗಳನ್ನು ಒಂದೊಂದಾಗಿ ಒರೆಸಿ, ಬಗ್ಗಿಸಿ ನೋಡಿ. ಸುಮ್ನೆ ಮೇಲಿಂದ ನೋಡಿದರೆ ಸರಿಯಾಗೇ ಕಾಣುತ್ತದೆ. ಬಗ್ಗಿಸಿದಾಗ ಕ್ಲಿಪ್ಪಿನ ಪಕ್ಕದಲ್ಲಿ ಬಾಯಿ ಬಿಡುತ್ತದೆ, ಸುತ್ತ ಎಣ್ಣೆ ಜಿಡ್ಡು, ಅದಕ್ಕೆ ಮೆತ್ತಿದ ಧೂಳು. ಟರ್ಬೊ ಕಷ್ಟಪಟ್ಟು ಒತ್ತಿದ ಗಾಳಿ ಅಲ್ಲಿಂದ ಹೊರಗೆ ಹೋಗುತ್ತಿದೆ. ಲೋಡ್ ಬಿದ್ದಾಗ ಮಾತ್ರ 'ಸುಯ್' ಅನ್ನುವ ಸದ್ದು, ಕಪ್ಪು ಹೊಗೆ, ಎಳೆತ ಇಲ್ಲ: ಇಷ್ಟು ಇದ್ದರೆ ಬಹುಮಟ್ಟಿಗೆ ಇದೇ. ಸಣ್ಣ ವ್ಯಾಕ್ಯೂಮ್ ಪೈಪು ಬಿರಿದರೂ ಕೆಲವು ಟರ್ಬೊ ಪೂರ್ತಿ ಕೆಲಸ ಮಾಡುವುದಿಲ್ಲ. ಇಜಿಆರ್ ವಾಲ್ವ್‌ನಲ್ಲಿ (ಹೊಗೆಯ ಒಂದು ಪಾಲನ್ನು ಇಂಜಿನ್ನಿಗೇ ವಾಪಸ್ ಬಿಡುವ ವಾಲ್ವ್) ಮಸಿ ಕಟ್ಟಿಕೊಂಡಿದ್ದರೆ ತೊಳೆಸಿ.

ಇಷ್ಟಾದ ಮೇಲೆ ಕಾಸು ಖರ್ಚಾಗುವ ಕೆಲಸ: ಟ್ಯಾಪೆಟ್ ಸೆಟ್ಟಿಂಗ್, ಇಂಜೆಕ್ಟರ್ ಪರೀಕ್ಷೆ, ಹಳೇ ಪಂಪ್ ಆದರೆ ಕ್ಯಾಲಿಬ್ರೇಷನ್, ಕೊನೆಗೆ ಕಂಪ್ರೆಷನ್ ಟೆಸ್ಟ್. ಕಂಪ್ರೆಷನ್ ಬಿದ್ದಿದ್ದರೆ ಮುಂದಿನ ಯಾವ ದಾರಿಯೂ ನಿಮಗಲ್ಲ. ಮೊದಲು ಇಂಜಿನ್ ಕೆಲಸ.

ಖರ್ಚು ಕೆಲವು ಸಾವಿರದಿಂದ ಶುರು. ಕಾಮನ್ ರೈಲ್ (ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಬಿಡುವ ಹೊಸ ಬಗೆ) ಇಂಜೆಕ್ಟರೋ ಟರ್ಬೊನೋ ಹೋಗಿದ್ದರೆ ಹತ್ತಾರು ಸಾವಿರಕ್ಕೆ ಏರುತ್ತದೆ. ಆದರೆ ಅದು ಹೇಗೂ ಮಾಡಿಸಲೇಬೇಕಾದ ಖರ್ಚು. ಕಾಗದದ ತಕರಾರಿಲ್ಲ, ಎಲ್ಲ ಇಲ್ಲೇ ಹಾಸನ, ಚಿಕ್ಕಮಗಳೂರಲ್ಲೇ ಆಗುವ ಕೆಲಸ. ಗಾಡಿ ಎಳೀತಿಲ್ಲ ಅನ್ನುವವರಲ್ಲಿ ಬಹಳ ಜನರ ಕಥೆ ಇಲ್ಲೇ ಮುಗಿಯಬೇಕು. ಮುಗಿಯದೆ ಇರುವುದು ಯಾಕೆ ಅಂದರೆ, ಇದರಲ್ಲಿ ಊರಿಗೆ ತೋರಿಸೋಕೆ ಏನೂ ಇಲ್ಲ.

ಎರಡನೇ ದಾರಿ: ಟೈರಿನಲ್ಲಿ ಒಂದು ಹೆಜ್ಜೆ ಹಿಂದೆ

ದೊಡ್ಡ ಟೈರ್ ಯಾಕೆ ಬೇಕು ಅಂತ ನಿಮ್ಮನ್ನು ನೀವೇ ಕೇಳಿಕೊಳ್ಳಿ. ನೆಲಕ್ಕೆ ತಾಗಬಾರದು ಅಂತಾದರೆ ಹೌದು, ಹೌಸಿಂಗ್ ಮೇಲೆತ್ತುವುದು ಎತ್ತರದ ಟೈರ್ ಮಾತ್ರ. ಟೈರ್ 30 ಮಿ.ಮೀ. ದೊಡ್ಡದಾದರೆ ಹೌಸಿಂಗ್ 15 ಮಿ.ಮೀ. ಮೇಲೆ ಬರುತ್ತದೆ, ಅದರ ಅರ್ಧ. ಆದರೆ ಜಾರಬಾರದು ಅನ್ನುವುದೇ ಕಾರಣವಾದರೆ, ಅಳತೆ ಬದಲಿಸದೆ ಒಳ್ಳೇ ಆಲ್ ಟೆರೈನ್ ಟೈರ್ ಹಾಕಿದರೆ ಸಾಕು. ನಮ್ಮ ಮಲೆನಾಡಿನ ಕೆಸರಿನಲ್ಲಿ ತೀರಾ ಅಗಲದ ಟೈರಿಗಿಂತ ಸ್ವಲ್ಪ ಸಪೂರ ಟೈರೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಅದು ಮೇಲಿನ ಕೆಸರು ಸೀಳಿ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಮಳೆಗಾಲದ ಎರಡು ತಿಂಗಳ ತೊಂದರೆಗೆ ಹಳೇ ಜೀಪಿನವರು ಮಾಡುತ್ತಿದ್ದಂತೆ ಹಿಂದಿನ ಚಕ್ರಕ್ಕೆ ಸರಪಳಿ ಕಟ್ಟುವುದು ಈಗಲೂ ಅಗ್ಗದ ಉಪಾಯ. ಟಾರು ರಸ್ತೆಗೆ ಬಂದ ತಕ್ಷಣ ಬಿಚ್ಚಬೇಕು, ಅಷ್ಟೇ.

31 ಇಂಚು ಈಗಾಗಲೇ ತಗೊಂಡಾಗಿದೆ ಅನ್ನುವವರಿಗೆ ಈ ಸಲಹೆ ಕಹಿ ಅಂತ ಗೊತ್ತು. ಅರ್ಧ ಸವೆದ ಮೇಲಾದರೂ ಯೋಚಿಸಿ. 63 ಎಚ್‌ಪಿ ಬೊಲೆರೊಗೆ 235/75 ಆರ್ 15 ಮೀರಿದ್ದು ಬೇಡ ಅಂತಲೇ ನಾನು ಹೇಳುವುದು.

ಮೂರನೇ ದಾರಿ: ಗೇರಿಂಗ್

ಮೊದಲು ಫೋರ್ ವ್ಹೀಲ್ ಡ್ರೈವ್ ಗಾಡಿಯವರು. ನಿಮ್ಮ ಹತ್ತಿರ ಈಗಾಗಲೇ ಮದ್ದು ಇದೆ. ಲೋ ಲಿವರ್, ಅಂದರೆ ಇಡೀ ಗಾಡಿಯನ್ನು ನಿಧಾನದ ಗೇರಿಗೆ ಇಳಿಸುವ ಇನ್ನೊಂದು ಲಿವರ್. ಅದು ಎಳೆತವನ್ನು ಸುಮಾರು ಎರಡೂವರೆ ಪಟ್ಟು ಮಾಡುತ್ತದೆ. ಯಾವ ರೀಮ್ಯಾಪ್ ಕೈಯಲ್ಲೂ ಅದು ಆಗದು. ಬಹಳ ಜನ ವರ್ಷಗಟ್ಟಲೆ ಆ ಲಿವರ್ ಮುಟ್ಟಿರುವುದಿಲ್ಲ, ಅದು ಅಲ್ಲೇ ತುಕ್ಕು ಹಿಡಿದು ಕೂತಿರುತ್ತದೆ. ಲಿಂಕೇಜ್ ಬಿಡಿಸಿ, ಎಣ್ಣೆ ಬದಲಿಸಿ, ಬಳಸಿ. ಒಣ ಟಾರು ರಸ್ತೆಯಲ್ಲಿ ಮಾತ್ರ ಹಾಕಬೇಡಿ. ತಿರುವಿನಲ್ಲಿ ಮುಂದಿನ ಹಿಂದಿನ ಚಕ್ರ ಒಂದನ್ನೊಂದು ಎಳೆದಾಡಿ ಒಳಗಿನ ಗೇರು ಬಿಗಿದುಕೊಳ್ಳುತ್ತದೆ.

ಟೂ ವ್ಹೀಲ್ ಡ್ರೈವ್ ಗಾಡಿಗೆ ಉಳಿಯುವುದು ಕ್ರೌನ್ ಪಿನಿಯನ್. ಹಳೇ ಸಿಜೆ-3ಬಿ ಜೀಪುಗಳು ಆ ಸಣ್ಣ ಇಂಜಿನ್ನಿನಲ್ಲೂ ಗುಡ್ಡ ಹತ್ತುತ್ತಿದ್ದುದರ ಗುಟ್ಟು ಇದೇ: 5.38 ರೇಶಿಯೊ, 8 ಹಲ್ಲಿನ ಪಿನಿಯನ್, 43 ಹಲ್ಲಿನ ಕ್ರೌನ್. ಈ ಸಂಖ್ಯೆ ದೊಡ್ಡದಾದಷ್ಟೂ ಎಳೆತ ಜಾಸ್ತಿ, ಓಟ ಕಮ್ಮಿ.

ನಿಮ್ಮ ಗಾಡಿಯದು ಎಷ್ಟು ಅಂತ ಹೌಸಿಂಗ್ ಬಿಚ್ಚದೆ ತಿಳಿಯಬಹುದು. ಸಮತಟ್ಟು ಜಾಗದಲ್ಲಿ ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕ್ ಹಾಕಿ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಡಿ. ಇನ್ನೊಂದು ನೆಲದ ಮೇಲೇ ಇರಲಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಟೈರಿಗೂ ಪ್ರೊಪೆಲ್ಲರ್ ಶಾಫ್ಟಿಗೂ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಶಾಫ್ಟ್ ಎಷ್ಟು ಸುತ್ತು ಬಂತು ಅಂತ ಇನ್ನೊಬ್ಬರು ಪಕ್ಕದಿಂದ ಬಗ್ಗಿ ನೋಡಿ ಎಣಿಸಲಿ, ಗಾಡಿ ಕೆಳಗೆ ಮಾತ್ರ ನುಗ್ಗಬೇಡಿ. ಮೂರು ಮುಕ್ಕಾಲಿನ ಹತ್ತಿರ ಬಂದರೆ 3.73. ನಾಲ್ಕಕ್ಕಿಂತ ಒಂಚೂರು ಜಾಸ್ತಿ ಬಂದರೆ 4.10. ಎರಡು ಸುತ್ತು ಯಾಕೆ ಅಂದರೆ, ಒಂದು ಚಕ್ರ ನಿಂತಿದ್ದಾಗ ತಿರುಗುವ ಚಕ್ರ ಎರಡು ಸುತ್ತು ಬಂದರೆ ಒಳಗಿನ ಕ್ರೌನ್ ಬರುವುದು ಒಂದೇ ಸುತ್ತು. ಡಿಫರೆನ್ಷಿಯಲ್ ಲಾಕರ್ (ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಸಾಧನ) ಹಾಕಿಸಿದ ಗಾಡಿಗೆ ಈ ಲೆಕ್ಕ ನಂಬಬೇಡಿ.

ಬೇಕಾದ ರೇಶಿಯೊ ಲೆಕ್ಕ ಸುಲಭ. ಈಗಿನ ರೇಶಿಯೊವನ್ನು ಹೊಸ ಟೈರಿನ ಎತ್ತರದಿಂದ ಗುಣಿಸಿ, ಹಳೇ ಟೈರಿನ ಎತ್ತರದಿಂದ ಭಾಗಿಸಿ. 3.73 ಇರುವ ಗಾಡಿಗೆ ನೂರಕ್ಕೆ 10 ದೊಡ್ಡ ಟೈರ್ ಹಾಕಿದ್ದರೆ 4.10. ಅಲ್ಲಿಗೆ ಟೈರ್ ತಿಂದದ್ದು ಪೂರ್ತಿ ವಾಪಸ್, ಮೀಟರೂ ಬಹುತೇಕ ಸರಿ ಹೋಗುತ್ತದೆ, ಅದು ಗೇರ್‌ಬಾಕ್ಸಿನಿಂದ ಓಡುವ ಮೀಟರ್ ಆಗಿದ್ದರೆ. ಟೈರ್ ಕಂಪನಿಯದೇ ಇಟ್ಟುಕೊಂಡು ರೇಶಿಯೊ ಏರಿಸಿದರೆ ಮಾತ್ರ ಹೈವೇಯಲ್ಲಿ ಇಂಜಿನ್ ಕಿರುಚುತ್ತದೆ. ಹಾಸನದಿಂದ ಬೆಂಗಳೂರಿಗೆ ಪದೇ ಪದೇ ಹೋಗುವವರಿಗೆ ಅದು ಹಿಂಸೆ.

ಅಡ್ಡಿ ಎಲ್ಲಿ? ನಿಮ್ಮ ಹೌಸಿಂಗ್‌ಗೆ ಹೊಂದುವ ಬೇರೆ ರೇಶಿಯೊದ ಸೆಟ್ ಸಿಗಬೇಕು. ಅದೇ ಕಂಪನಿಯ ಪಿಕಪ್ಪಿನದೋ ಬೇರೆ ಮಾದರಿಯದೋ ಹೊಂದುತ್ತದೆಯಾ ಅಂತ ಪಾರ್ಟ್ ನಂಬರ್ ನೋಡಿಯೇ ಖಚಿತ ಮಾಡಿಕೊಳ್ಳಬೇಕು. 'ಕೂರುತ್ತೆ ಸಾರ್' ಅನ್ನುವ ಬಾಯಿಮಾತು ಸಾಲದು. ಫೋರ್ ವ್ಹೀಲ್ ಡ್ರೈವ್ ಆದರೆ ಮುಂದಿನ ಹಿಂದಿನ ಎರಡೂ ಒಟ್ಟಿಗೆ ಬದಲಾಗಬೇಕು, ಖರ್ಚು ಇಮ್ಮಡಿ. ಇನ್ನು ಕೂರಿಸುವ ಕೈ. ಶಿಮ್ (ತೆಳು ತಗಡಿನ ಬಿಲ್ಲೆ) ಹಾಕಿ ಹಲ್ಲಿನ ಸಡಿಲ ಅಳೆದು, ಹಲ್ಲಿಗೆ ನೀಲಿ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುತ್ತಿದೆಯಾ ಅಂತ ನೋಡುವ ಮೆಕ್ಯಾನಿಕ್ ಬೇಕು. ಅಂದಾಜಿನಲ್ಲಿ ಕೂರಿಸಿದರೆ ಅರವತ್ತರ ವೇಗದಲ್ಲಿ ಹೌಸಿಂಗ್ ಕೂಗಲು ಶುರುಮಾಡುತ್ತದೆ. ಆ ಕೂಗು ತಾನಾಗೇ ಸರಿಹೋಗುವುದಿಲ್ಲ. ಖರ್ಚು ಹತ್ತಾರು ಸಾವಿರದ ಮಾತು. ಆದರೆ ಒಮ್ಮೆ ಸರಿಯಾಗಿ ಕೂತರೆ ಇಂಜಿನ್ನಿಗೆ ಒಂದು ಕೂದಲಷ್ಟೂ ಹೆಚ್ಚಿನ ಬಿಸಿ ಇಲ್ಲ. ಕ್ಲಚ್ಚಿಗೂ ನೆಮ್ಮದಿ.

ನಾಲ್ಕನೇ ದಾರಿ: ಡೀಸೆಲ್ ಜಾಸ್ತಿ, ಗಾಳಿ ಜಾಸ್ತಿ

ಪವರ್ ಅಂದರೆ ಕೊನೆಗೂ ಇಷ್ಟೇ: ಜಾಸ್ತಿ ಡೀಸೆಲ್, ಅದನ್ನು ಸುಡಲು ಜಾಸ್ತಿ ಗಾಳಿ. ಒಂದು ಕೊಟ್ಟು ಇನ್ನೊಂದು ಕೊಡದಿದ್ದರೆ ಹೊಗೆ.

ಹಳೇ ಮೆಕ್ಯಾನಿಕಲ್ ಪಂಪ್ ಗಾಡಿಗಳಲ್ಲಿ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸುವುದು ನಿಮಿಷದ ಕೆಲಸ, ಪುಗಸಟ್ಟೆ. ಟರ್ಬೊ ಇಲ್ಲದ ಇಂಜಿನ್ನಿಗೆ ನಮ್ಮ ಎತ್ತರದಲ್ಲಿ ಇದನ್ನು ಮಾಡಿಸಲೇಬೇಡಿ. ಇಲ್ಲಿ ಇರುವ ಗಾಳಿಯೇ ಕಮ್ಮಿ. ಹೆಚ್ಚಿನ ಡೀಸೆಲ್ ಕಪ್ಪು ಹೊಗೆಯಾಗುತ್ತದೆ, ಎಕ್ಸಾಸ್ಟ್ ಬಿಸಿ ಏರುತ್ತದೆ, ಉದ್ದನೆಯ ಏರಿನಲ್ಲಿ ಪಿಸ್ಟನ್‌ಗೇ ಅಪಾಯ. ಎಮಿಷನ್ ಟೆಸ್ಟಿನಲ್ಲೂ ಫೇಲ್. ಅದಕ್ಕೆ ಹೊರಗಿನ ಟರ್ಬೊ ಕೂರಿಸುವವರೂ ಇದ್ದಾರೆ. ಟರ್ಬೊಗೆ ಅಂತ ಮಾಡದ ಪಿಸ್ಟನ್, ಹೆಡ್ ಗ್ಯಾಸ್ಕೆಟ್, ರೇಡಿಯೇಟರ್ ಮೇಲೆ ಅಷ್ಟು ಭಾರ ಹೇರುವುದು ಹದಿನೈದು ವರ್ಷದ ಇಂಜಿನ್ನಿಗೆ ನ್ಯಾಯ ಅಲ್ಲ.

ಕಾಮನ್ ರೈಲ್ ಟರ್ಬೊ ಗಾಡಿಗಳ ಮಾತು ಬೇರೆ. ಇಲ್ಲಿ ರೀಮ್ಯಾಪ್ ಕೆಲಸ ಮಾಡುತ್ತದೆ, ಶಿರಾಡಿಯಲ್ಲಿ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ. ಎರಡು ಬಗೆ ಇದೆ. ಟ್ಯೂನಿಂಗ್ ಬಾಕ್ಸ್ ಸೆನ್ಸರ್ ನಡುವೆ ಕೂತು ಇಸಿಯುಗೆ (ಇಂಜಿನ್ ಕಂಪ್ಯೂಟರಿಗೆ) ಸುಳ್ಳು ಹೇಳಿ ಜಾಸ್ತಿ ಡೀಸೆಲ್ ಬಿಡಿಸುತ್ತದೆ. ಬೇಡವಾದರೆ ಕಿತ್ತಿಟ್ಟುಕೊಳ್ಳಬಹುದು. ರೀಮ್ಯಾಪ್‌ನಲ್ಲಿ ಇಸಿಯು ಒಳಗಿನ ಲೆಕ್ಕವನ್ನೇ ಬದಲಿಸುತ್ತಾರೆ. ಡೀಸೆಲ್, ಟರ್ಬೊ ಒತ್ತಡ, ಮಿತಿಗಳು ಎಲ್ಲ ಒಟ್ಟಿಗೆ. ಒಳ್ಳೆಯವರ ಕೈಯಲ್ಲಿ ಇದೇ ಮೇಲು. ಎಳೆಯುವ ಗಾಡಿಗೆ ಅಂತ ಸ್ಪಷ್ಟವಾಗಿ ಹೇಳಿ, ಮೆದುವಾದ ಮ್ಯಾಪ್ ಕೇಳಿ. ಕಾರಿನವರು ಕೇಳುವ ಜೋರು ಮ್ಯಾಪ್ ಒಂದೆರಡು ನಿಮಿಷ ಓವರ್‌ಟೇಕ್‌ಗೆ ಸರಿ. ಲೋಡ್ ಇಟ್ಟುಕೊಂಡು ಅರ್ಧ ಗಂಟೆ ಪೂರ್ತಿ ಆಕ್ಸಿಲರೇಟರ್ ಒತ್ತುವ ಕೆಲಸಕ್ಕೆ ಅದು ಬೇಡ.

ಇದನ್ನು ಮಾಡಿಸುವ ಮುಂಚೆ ಮೂರು ಕಡೆ ದುಡ್ಡು ತೆಗೆದಿಡಿ. ಕ್ಲಚ್: ನಾಲ್ಕನೇ ಗೇರಿನಲ್ಲಿ ಜೋರಾಗಿ ಒತ್ತಿದಾಗ ಇಂಜಿನ್ ಸದ್ದು ಏರಿ ಗಾಡಿ ಏರದಿದ್ದರೆ ಹಳೇ ಕ್ಲಚ್ ಈಗಾಗಲೇ ಸೋತಿದೆ. ರೇಡಿಯೇಟರ್: ಒಳಗೆ ಪಾಚಿ, ಹೊರಗೆ ಕೆಸರು, ಫ್ಯಾನಿನ ವಿಸ್ಕಸ್ ಕಪ್ಲಿಂಗ್ ಸಡಿಲ. ಮೂರನೆಯದು ಬ್ರೇಕ್. ಹತ್ತಲು ಆಗದ ಗಾಡಿ ರಸ್ತೆ ಪಕ್ಕ ನಿಲ್ಲುತ್ತದೆ. ಇಳಿಯುವಾಗ ನಿಲ್ಲದ ಗಾಡಿಯ ಕಥೆ ಹೇಳಬೇಕಿಲ್ಲ. ದೊಡ್ಡ ಟೈರು, ಬ್ರೇಕಿಲ್ಲದ ಟ್ರೇಲರ್, ಹಿಂದೆ ಡ್ರಮ್ ಬ್ರೇಕ್: ಚಾರ್ಮಾಡಿ ಇಳಿಯುವಾಗ ಈ ಮೂರೂ ಒಟ್ಟಿಗೆ ಸೇರುತ್ತವೆ. ಟ್ರೇಲರಿಗೆ ಅದರದೇ ಬ್ರೇಕ್ ಇರಲಿ. ಕೊಕ್ಕೆಯನ್ನು ಬಂಪರಿಗೆ ಬೆಸುಗೆ ಹಾಕಿಸದೆ ಚಾಸಿಗೆ ಬೋಲ್ಟ್ ಹಾಕಿಸಿ. ಗಾಡಿಯ ಪುಸ್ತಕದಲ್ಲಿ ಎಳೆಯುವ ಮಿತಿ ಬರೆದಿದ್ದರೆ ಅದನ್ನು ಮೀರಬೇಡಿ. ಇಂಜಿನ್ ಪವರ್ ಹೆಚ್ಚಿದರೂ ಆ ಮಿತಿ ಹೆಚ್ಚುವುದಿಲ್ಲ.

ಐದನೇ ದಾರಿ: ಬೇರೆ ಇಂಜಿನ್

ಇದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಇಂಜಿನ್ ಒಂದೇ ಬರುವುದಿಲ್ಲ. ಮೌಂಟಿಂಗ್, ಗೇರ್‌ಬಾಕ್ಸ್, ವೈರಿಂಗ್, ಇಸಿಯು, ರೇಡಿಯೇಟರ್, ಪ್ರೊಪೆಲ್ಲರ್ ಶಾಫ್ಟಿನ ಉದ್ದ, ಎಲ್ಲ ಹಿಂದೆ ಬರುತ್ತದೆ. ಲಕ್ಷಗಳ ಮಾತು. ಕೆಟ್ಟಾಗ ಕೂರಿಸಿದ ಮನುಷ್ಯನನ್ನೇ ಹುಡುಕಬೇಕು. ಆರ್‌ಟಿಒ ಅನುಮತಿ ಮೊದಲೇ ಪಡೆದು ಹೊಸ ಇಂಜಿನ್ ನಂಬರನ್ನು ಆರ್‌ಸಿಯಲ್ಲಿ ಸೇರಿಸಬೇಕು. ತಾತನ ಕಾಲದ ಜೀಪು, ಮನಸ್ಸಿಗೆ ಹತ್ತಿರದ್ದು, ಟೈಮೂ ಇದೆ ಅನ್ನುವವರಿಗೆ ಸರಿ. ಕೊಯ್ಲಿಗೆ ಗಾಡಿ ಬೇಕು ಅನ್ನುವವರಿಗಲ್ಲ.

ಕೊಯ್ಲಿನ ವಿಷಯ ಬಂದಾಗ ಇನ್ನೊಂದು ದಾರಿಯನ್ನೂ ತೂಗಿ ನೋಡಿ. ಅರೇಬಿಕಾಕ್ಕೆ ನವೆಂಬರ್‌ನಿಂದ ಜನವರಿ, ರೊಬಸ್ಟಾ ಇದ್ದರೆ ಅಲ್ಲಿಂದ ಮಾರ್ಚ್. ವರ್ಷದ ಉಳಿದ ತಿಂಗಳಲ್ಲಿ ಟ್ರೇಲರ್ ಶೆಡ್ಡಿನಲ್ಲೇ ಇರುತ್ತದೆ. ಆ ಕೆಲವು ವಾರಕ್ಕೆ ಟ್ರ್ಯಾಕ್ಟರೋ ಪಿಕಪ್ಪೋ ಬಾಡಿಗೆಗೆ ಕರೆದರೆ ಎಷ್ಟು, ಗಾಡಿಗೆ ಹಾಕುವ ದುಡ್ಡು ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ನೋಡಿ. ಸಣ್ಣ ತೋಟದವರಿಗೆ ಬಹುಪಾಲು ಬಾಡಿಗೆಯೇ ಗೆಲ್ಲುತ್ತದೆ.

ಕಾಗದದ ಮಾತು

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯ ನಂತರ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತಿದೆ. ಅದೇ ಮಾದರಿಗೆ ಕಂಪನಿಯೇ ಕೊಟ್ಟಿರುವ ದೊಡ್ಡ ಅಳತೆಯ ಟೈರ್ ತನಕ ಹೋಗುವುದು ಕ್ಷೇಮ. ಅದನ್ನು ಮೀರಿ ಫೆಂಡರಿನಿಂದ ಹೊರಗೆ ಬಂದ ಟೈರ್ ಹಾಕಿ ಅಪಘಾತವಾದರೆ ಇನ್ಶೂರೆನ್ಸಿನವರು ಮೊದಲು ಫೋಟೊ ತೆಗೆಯುವುದು ಅದನ್ನೇ. ಟ್ರೇಲರನ್ನು ಸರ್ಕಾರಿ ರಸ್ತೆಗೆ ತರುವುದಾದರೆ ಅದಕ್ಕೂ ಬೇರೆ ನೋಂದಣಿ ಬೇಕು.

ಹಾಗಾದರೆ ಯಾರಿಗೆ ಯಾವುದು

ಬೊಲೆರೊ ಅಥವಾ ಅಂಥದೇ ಸಣ್ಣ ಪವರಿನ ಗಾಡಿ, ಟೂ ವ್ಹೀಲ್ ಡ್ರೈವ್, ಬರೀ ತೋಟ ಮತ್ತು ಹತ್ತಿರದ ಪೇಟೆ: ಮೊದಲು ಸರ್ವಿಸ್, ಆಮೇಲೆ ಟೈರ್ ಒಂದು ಹೆಜ್ಜೆ ಹಿಂದೆ. ಇನ್ನೂ ಸಾಲದಿದ್ದರೆ, ಸರಿಯಾದ ಸೆಟ್ ಸಿಕ್ಕರೆ, ಕ್ರೌನ್ ಪಿನಿಯನ್. ರೀಮ್ಯಾಪ್ ಸುದ್ದಿಗೇ ಹೋಗಬೇಡಿ.

ಫೋರ್ ವ್ಹೀಲ್ ಡ್ರೈವ್ ಜೀಪು, ಥಾರ್: ಲೋ ಲಿವರ್ ಬಿಡಿಸಿಕೊಳ್ಳಿ. ಉಳಿದ ದುಡ್ಡು ಬ್ರೇಕಿಗೆ.

ಸ್ಕಾರ್ಪಿಯೊ, ಸಫಾರಿಯಂಥ ಕಾಮನ್ ರೈಲ್ ಗಾಡಿ, ವಾರಕ್ಕೊಮ್ಮೆ ಲೋಡ್ ಇಟ್ಟುಕೊಂಡು ಮಂಗಳೂರಿಗೆ ಘಾಟಿ ಇಳಿದು ಹತ್ತುವವರು: ಹೋಸ್, ಟರ್ಬೊ, ಇಂಜೆಕ್ಟರ್ ಎಲ್ಲ ಸರಿ ಅಂತ ಗೊತ್ತಾದ ಮೇಲೆ ಕ್ಲಚ್, ರೇಡಿಯೇಟರ್, ಬ್ರೇಕ್, ಕೊನೆಗೆ ಮೆದು ರೀಮ್ಯಾಪ್. ಈ ಕ್ರಮ ತಲೆಕೆಳಗು ಮಾಡಿದರೆ ದುಡ್ಡು ಎರಡು ಸಲ ಕೊಡುತ್ತೀರಿ.

ಕ್ವಾಲಿಸ್, ಮೊದಲ ಸುಮೊದಂಥ ಟರ್ಬೊ ಇಲ್ಲದ ಗಾಡಿಯವರು ಪಂಪ್ ಮತ್ತು ನಾಜಲ್ ಸರಿ ಮಾಡಿಸಿ, ಕಂಪನಿ ಅಳತೆಯ ಟೈರಿನಲ್ಲಿ ನಿಧಾನಕ್ಕೆ ಹತ್ತಿ. ಟ್ರೇಲರ್ ಕೆಲಸಕ್ಕೆ ಬಾಡಿಗೆ ಗಾಡಿ ಕರೆಯಿರಿ.

ಗಾಡಿಗೆ 15 ವರ್ಷ ತುಂಬುವ ಸಮಯ ಬಂದಿದ್ದರೆ ಸದ್ಯಕ್ಕೆ ಮೇಲಿನ ಯಾವುದನ್ನೂ ಮಾಡಿಸಬೇಡಿ, ಸರ್ವಿಸ್ ಒಂದನ್ನು ಬಿಟ್ಟು. ಹಳೇ ಅಳತೆಯ ಟೈರ್ ಹಾಕಿಕೊಂಡೇ ಆರ್‌ಟಿಒಗೆ ಹೋಗಿ ಫಿಟ್‌ನೆಸ್ ಮಾಡಿಸಿ ಆರ್‌ಸಿ ರಿನ್ಯೂ ಮಾಡಿಸಿಕೊಳ್ಳಿ. ಇನ್ನೈದು ವರ್ಷ ಗಾಡಿ ಕೈಯಲ್ಲಿರುತ್ತದೆ ಅಂತ ಖಾತ್ರಿಯಾದ ಮೇಲೆ ಕ್ರೌನ್ ಪಿನಿಯನ್ನಿಗೆ ಫೋನ್ ಮಾಡಿ.